ಎಡಗಡೆಯ ಕಣ್ಣು

"ಎಡಗಡೆ ಹೇಗಿದೆ?" ಗಂಡ ಕೇಳಿದ. ಕತ್ತು ತಿರುಗಿಸಲಿಲ್ಲ. ಬಸ್ಸು ಓಡಿಸಿ ಓಡಿಸಿ ಸವೆದ ಮೂಳೆ, ತಿರುಗುವುದನ್ನು ಬಿಟ್ಟು ಬಹಳ ಕಾಲವಾಗಿತ್ತು. ಈ ನಾಲ್ಕು ರಸ್ತೆ ಕೂಡುವಲ್ಲಿ ಬಲಗಡೆಯನ್ನು ಅವನು ಮೈ ವಾಲಿಸಿ ನೋಡಿಕೊಳ್ಳುತ್ತಿದ್ದ. ಎಡಗಡೆಯನ್ನು ಪಕ್ಕದ ಸೀಟಿನ ಹೆಂಡತಿ. ಅವಳು "ಹೂಂ, ಹೋಗಿ" ಎಂದರೆ ಕಾರು ಹೋಗುತ್ತಿತ್ತು.

ಹಿಂದಿನ ಸೀಟಿನಲ್ಲಿ ಮಗಳು, ಕೆಲಸದ ಹಳದಿ ಕೋಟಿನಲ್ಲೇ ಬಂದು ಕೂತಿದ್ದಳು. ರಸ್ತೆ ಇಲಾಖೆಯ ಎಂಜಿನಿಯರು. ವಯಸ್ಸಾದವರು ಹೆದರದೆ ದಾಟುವ ಹಾಗೆ ಈ ಜಾಗವನ್ನು ಹೊಸದಾಗಿ ಕಟ್ಟುವ ಕೆಲಸ ಅವಳ ತಲೆಯ ಮೇಲಿತ್ತು.

"ರಸ್ತೆ ನಡುವೆ ಒಂದು ಕಟ್ಟೆ ಕಟ್ತೀವಪ್ಪ. ಮೊದಲು ಬಲಗಡೆ ಮಾತ್ರ ನೋಡಿ ಅರ್ಧ ದಾಟೋದು. ಕಟ್ಟೆ ಹತ್ರ ಕಾರು ಎಡಕ್ಕೆ ಓರೆಯಾಗಿ ನಿಲ್ಲತ್ತೆ. ಎಡಗಡೆಯಿಂದ ಬರೋದೆಲ್ಲ ನಿನ್ನ ಕಣ್ಣೆದುರಿಗೇ ಬರತ್ತೆ, ಕತ್ತು ತಿರುಗಿಸೋ ಪಾಡೇ ಇಲ್ಲ."

"ನೀನು ತೊದಲು ಮಾತಾಡ್ತಿದ್ದಾಗ್ಲೇ ನಾನು ಬಸ್ಸು ಓಡಿಸ್ತಿದ್ದೆ ಕಣೇ. ಕಟ್ಟೆ ಗಿಟ್ಟೆ ಎಲ್ಲ ಕೈಲಾಗದೋರಿಗೆ. ನನಗೆ ನಿಮ್ಮಮ್ಮ ಇದಾಳೆ."

"ಅಮ್ಮ ಏನು ಕನ್ನಡೀನಾ?"

"ಕನ್ನಡಿ ಬಾಯಿ ಬಿಡಲ್ಲ. ಅಷ್ಟೇ ವ್ಯತ್ಯಾಸ."

ಹೆಂಡತಿ ನಗಲಿಲ್ಲ. ಕಿಟಕಿಯಾಚೆ ಅವಳಿಗೆ ಕಂಡದ್ದು ಹಾಲು ಚೆಲ್ಲಿದಂಥ ಬಿಳುಪು. ಕಣ್ಣಿಗೆ ಪೊರೆ ಬಂದದ್ದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಆಪರೇಷನ್ ಎಂದರೆ ಜೀವ ಬಾಯಿಗೆ ಬರುತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ಗೊತ್ತಾದರೆ ಮಗಳು ಕಾರಿನ ಕೀಲಿ ಕಿತ್ತುಕೊಳ್ಳುತ್ತಾಳೆ. ಕೀಲಿ ಹೋದ ದಿನದಿಂದ ಈ ಮನುಷ್ಯ ಗೋಡೆ ನೋಡುತ್ತ ಕೂತು ಸೊರಗಿಹೋಗುತ್ತಾನೆ. ಹಾಗಾಗಿ ಕಿವಿಯಿಂದ ನೋಡುವುದನ್ನು ಕಲಿತಿದ್ದಳು. ಲಾರಿ ದೂರದಿಂದಲೇ ಗೊತ್ತಾಗುತ್ತಿತ್ತು, ಬೈಕು ಹತ್ತಿರ ಬಂದ ಮೇಲೆ. ಪ್ರತಿ ಸಲ "ಹೋಗಿ" ಎಂದಾಗಲೂ ಸೀಟಿನ ಅಂಚು ಹಿಡಿದುಕೊಳ್ಳುತ್ತಿದ್ದಳು.

ಹಿಂದಿನ ಕಾರಿನವನು ಹಾರನ್ ಒತ್ತಿದ.

"ಏನೇ, ನಿದ್ದೆ ಹೋದ್ಯಾ?"

ಅವಳು ಕಿವಿಗೊಟ್ಟಳು. ಹಾರನ್ ನಿಂತ ಮೇಲೆ ಎಡಗಡೆ ಏನೂ ಇರಲಿಲ್ಲ. "ಹೂಂ, ಹೋಗಿ."

ಕಾರು ಮೂತಿ ಚಾಚಿತು.

"ಅಪ್ಪಾ, ಬ್ರೇಕು."

ಕಾರು ಮುಗ್ಗರಿಸಿ ನಿಂತಿತು. ಬ್ಯಾಟರಿಯಲ್ಲಿ ಓಡುವ ಸ್ಕೂಟರೊಂದು ಸದ್ದೇ ಇಲ್ಲದೆ ಬಂದು, ಬಂಪರಿನಿಂದ ಗೇಣು ದೂರದಲ್ಲಿ ಹೊರಳಿ ಪಾರಾಗಿ ಹೋಯಿತು. ಅದರ ಮೇಲಿದ್ದ ಮಗು ಕಿರುಚಿದ್ದು ಮಾತ್ರ ಹೆಂಡತಿಗೆ ಕೇಳಿಸಿತು.

"ಅಮ್ಮ," ಮಗಳು ಮುಂದಕ್ಕೆ ಬಾಗಿದಳು, "ನೀನು ನೋಡಿದ್ಯಾ?"

"ನೋಡ್ಲಿಲ್ಲ. ಕೇಳಿಸ್ಕೊಂಡೆ. ಸದ್ದಿರ್ಲಿಲ್ಲ."

"ಯಾವಾಗಿಂದ?"

"ಚಳಿ ಶುರುವಾದಾಗಿಂದ."

ಗಂಡ, ಬೀರು ಸರಿಸುವ ಹಾಗೆ, ಇಡೀ ಮೈಯನ್ನು ತಿರುಗಿಸಿ ಅವಳ ಕಣ್ಣು ನೋಡಿದ. "ಅಲ್ವೇ, ಇಷ್ಟು ದಿನ ನಾನು ಕಣ್ಮುಚ್ಕೊಂಡು ದಾಟ್ತಿದ್ನಾ?"

"ಇಳಿಯಪ್ಪ. ನಾನು ಓಡಿಸ್ತೀನಿ."

ಅವನು ಇಳಿಯಲಿಲ್ಲ. "ನಿನ್ನ ಕಟ್ಟೆ ಎಲ್ಲಿ ಬರತ್ತೆ, ತೋರ್ಸು," ಎಂದ. "ಇದೊಂದ್ಸಲ ದಾಟಿಸ್ತೀನಿ. ಆಮೇಲೆ ಕೀಲಿ ನೀನೇ ಇಟ್ಕೋ."

ಮಗಳು ಹಿಂದಿನ ಕಾರಿನವನಿಗೆ ಕಾಯುವಂತೆ ಕೈ ಮಾಡಿದಳು. ಆಮೇಲೆ ಇಳಿದು, ಕೈ ಎತ್ತಿಕೊಂಡು ರಸ್ತೆಯ ನಡುವೆ, ಕಟ್ಟೆ ಬರುವಲ್ಲಿ ಹೋಗಿ ನಿಂತಳು. ಹೆಂಡತಿಗೆ ಕಂಡದ್ದು ಬಿಳುಪಿನೊಳಗೆ ಒಂದು ಹಳದಿ ಮಚ್ಚೆ. ಗಂಡ ಬಲಗಡೆ ನೋಡಿ, ಅರ್ಧ ದಾಟಿ, ಆ ಮಚ್ಚೆಯ ಪಕ್ಕ ಕಾರನ್ನು ಓರೆಯಾಗಿ ತಂದು ನಿಲ್ಲಿಸಿದ.

"ಎಡಗಡೆ," ಎಂದು ಬಾಯಿ ತೆರೆದವನು ಸುಮ್ಮನಾದ. ಕಣ್ಣು ಕಿರಿದು ಮಾಡಿ ಎದುರಿಗೆ ತಾನೇ ನೋಡತೊಡಗಿದ.

ಅವಳು ಸೀಟಿನ ಅಂಚು ಹಿಡಿದುಕೊಂಡು ಕಿವಿಗೊಟ್ಟಳು. ಎಡಗಡೆಯಿಂದ ಏನೂ ಸದ್ದಿರಲಿಲ್ಲ, ಸ್ಕೂಟರು ಬಂದಾಗಲೂ ಇರಲಿಲ್ಲ.