ಎರವಲು ತಂದ ಚಕ್ರ

ಮಾಯ್ಲಿಸ್ ಸೀಟಿನ ಬೋಲ್ಟನ್ನು ತಿರುಗಿಸಿದಳು. ಜಗ್ಗಲಿಲ್ಲ. ಸ್ಪ್ಯಾನರಿನ ಮೇಲೆ ಮೈಭಾರ ಬಿಟ್ಟು ಇನ್ನೊಮ್ಮೆ ತಿರುಗಿಸಿದಾಗ ಕಿರ್ರೆಂದು ಸಡಿಲವಾಯಿತು. ಸೀಟು ಒಂದು ಗೇಣು ಕೆಳಗಿಳಿಯಿತು. ಸೈಕಲ್ಲಿನಲ್ಲಿ ಉಳಿದಿದ್ದ ಅವಳ ಗಂಡ ರೆಮಿಯ ಎತ್ತರ ಅಷ್ಟಕ್ಕೇ ಮುಗಿಯಿತು.

ನಿನ್ನೆ ಅವನನ್ನು ಮಣ್ಣು ಮಾಡಿ ಬಂದಿದ್ದರು. ಇವತ್ತು ಬೆಳಗ್ಗೆ ಬ್ರೆಡ್ಡಿನ ವ್ಯಾನು ಎಂದಿನ ಹೊತ್ತಿಗೇ ಬಂದು ಹಾರ್ನ್ ಹೊಡೆದಿತ್ತು. ಬ್ರೆಡ್ಡಿನವಳು ರೂಢಿಯಂತೆ ಎರಡು ಉದ್ದ ಬ್ರೆಡ್ಡು ಕೊಟ್ಟಳು. ಕೊಟ್ಟಮೇಲೆ ಗಾಬರಿಯಾಗಿ ಒಂದನ್ನು ವಾಪಸು ಪಡೆಯಲು ಕೈ ಚಾಚಿದಳು. ಅದು ಇನ್ನೂ ತಪ್ಪೆನಿಸಿ, ಚಾಚಿದ ಕೈಯನ್ನು ಏನು ಮಾಡುವುದೆಂದು ತಿಳಿಯದೆ ಹಾಗೇ ನಿಂತಳು. ಮಾಯ್ಲಿಸ್ ಎರಡನ್ನೂ ಒಳಗೆ ತಂದಿಟ್ಟು ನೇರ ಶೆಡ್ಡಿಗೆ ಬಂದಿದ್ದಳು.

ಅತ್ತೆ ಜೋಸಿಯಾನ್ ಕಾಫಿಯ ಬಟ್ಟಲು ಹಿಡಿದು ಬಾಗಿಲಲ್ಲಿ ನಿಂತಳು.

"ಏನೇ ಮಾಡ್ತಿದ್ದೀಯ?"

"ಚಕ್ರ ವಾಪಸು ಕೊಡಬೇಕು. ಒದಿಲೋನ್ ಅವರದ್ದು."

"ಸಂಘದ ತಿಯೆರಿ ವ್ಯಾನಲ್ಲಿ ಹಾಕ್ಕೊಂಡು ಹೋಗ್ತೀನಿ ಅಂದನಲ್ಲ."

"ಹಾಗೆ ಕೊಡೋ ಪದ್ಧತಿ ಇಲ್ಲ."

ಇಲ್ಲವೆಂದು ಅತ್ತೆಗೂ ಗೊತ್ತಿತ್ತು. ಸೆಲೆ ಕಣಿವೆಯ ಸೈಕಲ್ ಸಂಘದವರು ಎರವಲು ತಂದ ಚಕ್ರವನ್ನು ವ್ಯಾನಿನಲ್ಲಿ ಹಿಂದಿರುಗಿಸುವುದಿಲ್ಲ. ಅದನ್ನು ಹಾಕಿಕೊಂಡು ತುಳಿಯುತ್ತಲೇ ಹೋಗಬೇಕು. ಕೊಟ್ಟವನು ಅಷ್ಟರಲ್ಲಿ ನಿಮ್ಮ ಕೆಟ್ಟ ಚಕ್ರವನ್ನು ಸರಿಮಾಡಿ ಇಟ್ಟಿರುತ್ತಾನೆ. ಅವನ ಅಂಗಳದಲ್ಲೇ ಅದಲುಬದಲು ಮಾಡಿ, ಒಂದು ಲೋಟ ವೈನು ಕುಡಿದು, ಊರಿನವರ ಮೇಲೆ ನಾಲ್ಕು ಮಾತು ಆಡಿ ಬರುವುದು.

"ನಿನ್ನೆ ಮುಖ ತೋರಿಸೋಕೂ ಬರಲಿಲ್ಲ ಆ ಮುದುಕ," ಎಂದಳು ಜೋಸಿಯಾನ್. "ಬಂದಿದ್ರೆ ನಾನೇನು ಅವನನ್ನ ತಿಂದುಬಿಡ್ತಿದ್ದೆನಾ?" ಆಮೇಲೆ ಕೇಳಿದಳು: "ಅದೇ ದಾರಿ ತಾನೇ?"

"ಅವರ ಮನೆಗೆ ಬೇರೆ ದಾರಿ ಎಲ್ಲಿದೆ?"

ಅತ್ತೆ ಬಟ್ಟಲನ್ನು ಹಲಗೆಯ ಮೇಲಿಟ್ಟು, ಸೊಂಟ ಹಿಡಿದುಕೊಂಡು ಬಗ್ಗಿ, ಸೊಸೆಯ ಬಲಗಾಲಿನ ಪ್ಯಾಂಟನ್ನು ಮೊಣಕಾಲಿನವರೆಗೆ ಮಡಿಚಿದಳು. ಚೈನಿಗೆ ಸಿಕ್ಕೀತೆಂದು ತನ್ನ ಏಪ್ರನ್ನಿನ ಬಟ್ಟೆಕ್ಲಿಪ್ಪೊಂದನ್ನು ತೆಗೆದು ಅಲ್ಲಿಗೆ ಸಿಕ್ಕಿಸಿದಳು.

*

ಆ ಭಾನುವಾರ ರೆಮಿ ತಿಂಡಿಯ ಪೊಟ್ಟಣ ಮರೆತು ಹೋಗಿದ್ದ. ಮಾಯ್ಲಿಸ್ ಅದನ್ನು ಹಿಡಿದು ಚೌಕಕ್ಕೆ ಓಡಿದಾಗ ಅವನು ಸೈಕಲ್ಲನ್ನು ತಲೆಕೆಳಗು ನಿಲ್ಲಿಸಿಕೊಂಡು ಕೂತಿದ್ದ. ಹಿಂದಿನ ಚಕ್ರದ ಕಡ್ಡಿಗಳು ಮುರಿದಿದ್ದವು. ಸಂಘದವರು ಸುತ್ತ ನಿಂತು ಅಣಕಿಸುತ್ತಿದ್ದರು.

ಅವನಿಗೆ ಅವರು ಇಟ್ಟ ಹೆಸರು ಪೊರಕೆ. ದೊಡ್ಡ ಪಂದ್ಯಗಳಲ್ಲಿ ಸೋತು ಹಿಂದೆ ಉಳಿದವರನ್ನು ಗುಡಿಸಿಕೊಂಡು ಬರಲು ಕೊನೆಯಲ್ಲೊಂದು ವ್ಯಾನು ಬರುತ್ತದಲ್ಲ, ಅದಕ್ಕೆ ಇಲ್ಲಿ ಪೊರಕೆ ಗಾಡಿ ಎನ್ನುತ್ತಾರೆ. ರೆಮಿ ಶಾಲೆಯ ಅಡುಗೆಮನೆಯಲ್ಲಿ ಅಡುಗೆಯವನು. ವಾರವಿಡೀ ಊಟದಲ್ಲಿ ಹಿಂದೆ ಬೀಳುವ ಮಕ್ಕಳ ಪಕ್ಕ ಕೂತು ಕ್ಯಾರೆಟ್ ತಿನ್ನಿಸುವುದು ಅವನ ಕೆಲಸ. ಭಾನುವಾರ ಸೈಕಲ್ಲಿನ ಮೇಲೂ ಅದನ್ನೇ ಮಾಡುತ್ತಿದ್ದ. ಅವನು ಯಾರನ್ನಾದರೂ ಹಿಂದೆ ಹಾಕಿದ್ದನ್ನು ಕಂಡವರಿರಲಿಲ್ಲ.

ಒದಿಲೋನ್ ತನ್ನ ಕಾರಿನಿಂದ ಒಂದು ಚಕ್ರ ತಂದ. ಮೊಣಕಾಲು ಕೆಟ್ಟ ಮೇಲೆ ಅವನು ಸವಾರಿ ಬಿಟ್ಟಿದ್ದ. ಭಾನುವಾರ ಇವರನ್ನು ಬೀಳ್ಕೊಡಲು ಮಾತ್ರ ಬರುತ್ತಿದ್ದ. ಕಣಿವೆಯ ಅರ್ಧ ಜನಕ್ಕೆ ಸೈಕಲ್ ಕಲಿಸಿದವನು ಅವನೇ.

"ನಾನು ಪಂದ್ಯಕ್ಕೆ ಹೋಗ್ತಿದ್ದ ಕಾಲದ್ದು ಇದು," ಎಂದ. "ಹಿಂದೆ ಎಲ್ಲಾ ಚಿಕ್ಕ ಹಲ್ಲುಚಕ್ರಗಳೇ. ಏರಲ್ಲಿ ಕಾಲು ಕಿತ್ತುಬರುತ್ತೆ, ನೋಡು ಮರಿ."

"ನನ್ನ ವೇಗಕ್ಕೆ ಯಾವ ಚಕ್ರವಾದ್ರೇನು ಬಿಡಿ," ಎಂದ ರೆಮಿ.

ಎಲ್ಲರೂ ನಕ್ಕರು. ಮಾಯ್ಲಿಸ್ ಕೂಡ ನಕ್ಕಳು. ಅವನು ಪೊಟ್ಟಣ ಜೇಬಿಗೆ ಹಾಕಿಕೊಂಡು, ಎಲ್ಲರೂ ಹೊರಟ ಮೇಲೆ ಹೊರಟ. ಸೇತುವೆ ದಾಟಿ, ನದಿಯ ಪಕ್ಕದ ಪಾಪ್ಲರ್ ಮರಗಳ ನಡುವೆ ಅವನ ಬೆನ್ನು ಮರೆಯಾಯಿತು.

ಮಧ್ಯಾಹ್ನದೊಳಗೆ ಫೋನು ಬಂತು. ಇಂಗ್ಲಿಷರ ಕೋಟೆಯ ಏರಿನಲ್ಲಿ, ಶಿಲುಬೆಯ ಕಟ್ಟೆಯ ಹತ್ತಿರ. ಹುಟ್ಟಿನಿಂದಲೇ ಹೃದಯದಲ್ಲೊಂದು ದೋಷವಿತ್ತಂತೆ, ಯಾರಿಗೂ ಗೊತ್ತಿರಲಿಲ್ಲ. ಹಾಸಿಗೆಯಲ್ಲಿ ಮಲಗಿದ್ದಾಗಲೂ ಆಗಬಹುದಿತ್ತು ಎಂದರು ಡಾಕ್ಟರು. ಆಗಬಹುದಿತ್ತು ಎಂಬ ಮಾತು ಮಾಯ್ಲಿಸ್‌ಳ ಕಿವಿಯಲ್ಲಿ ಉಳಿದುಬಿಟ್ಟಿತು.

*

ಅಂತ್ಯಕ್ರಿಯೆಯ ದಿನ ಮೆರವಣಿಗೆಯ ವಿಷಯಕ್ಕೆ ಸಣ್ಣ ಜಗಳವಾಯಿತು. ಶವದ ಕಾರು ಮುಂದೆ, ಜನ ಹಿಂದೆ ಎಂದ ಕಾರಿನವನು, ಅದು ಲೋಕರೂಢಿ. ಸಂಘದ ಅಧ್ಯಕ್ಷ ತಿಯೆರಿ ಒಪ್ಪಲಿಲ್ಲ.

"ರೆಮಿ ಯಾವತ್ತೂ ನಮ್ಮ ಮುಂದೆ ಹೋದವನಲ್ಲ. ಇವತ್ತೂ ಹೋಗಲ್ಲ."

ಕಾರಿನವನು ಜೋಸಿಯಾನಳ ಮುಖ ನೋಡಿದ. ಅವಳು ಮೂಗೊರೆಸಿಕೊಂಡು ತಲೆಯಾಡಿಸಿದಳು. ಸೈಕಲ್ಲುಗಳೆಲ್ಲ ಮುಂದೆ ಹೊರಟವು. ಯಾರೂ ವೇಗ ಹೆಚ್ಚಿಸಲಿಲ್ಲ, ಹಾಗಾಗಿ ಎಲ್ಲರೂ ತೂಗಾಡುತ್ತಿದ್ದರು. ಕಪ್ಪು ಕಾರು ಹಿಂದೆ ತೆವಳುತ್ತ ಎಲ್ಲರನ್ನೂ ಗುಡಿಸಿಕೊಂಡು ಬಂತು. ಪಾದ್ರಿಗಳ ಹಳೆಯ ಮಠದ ಹತ್ತಿರ ಬರುವಷ್ಟರಲ್ಲಿ ಕ್ಲಚ್ಚು ಸುಟ್ಟ ವಾಸನೆ. ಪೊರಕೆ ಸತ್ತ ಮೇಲೂ ಒಬ್ಬರ ಗಾಡಿ ಹಾಳು ಮಾಡಿದ ಎಂದು ಯಾರೋ ಮೆಲ್ಲಗೆ ಅಂದರು; ಕಾರಿನವನೂ ನಕ್ಕ.

ಮಠದ ಚರ್ಚಿನ ಅರ್ಧಕ್ಕೆ ಚಾವಣಿಯಿಲ್ಲ. ಹಳೆಯ ಯುದ್ಧಗಳಲ್ಲಿ ಬಿದ್ದದ್ದನ್ನು ಮತ್ತೆ ಕಟ್ಟಲಿಲ್ಲ. ಶಾಲೆಯ ಮಕ್ಕಳು ಒಳಗಿನ ಬೆಂಚುಗಳಲ್ಲಿ ತುಂಬಿದ್ದರಿಂದ ಸೈಕಲ್ಲಿನವರು ಚಾವಣಿಯಿಲ್ಲದ ಭಾಗದಲ್ಲಿ, ಮುರಿದ ಕಂಬಗಳ ನಡುವೆ, ಸೈಕಲ್ಲು ಹಿಡಿದೇ ನಿಂತರು. ಅಲ್ಲಿ ಹುಲ್ಲು ಬೆಳೆದಿತ್ತು. ಮಾಯ್ಲಿಸ್ ಅವರನ್ನೆಲ್ಲ ನೋಡಿದಳು. ಒದಿಲೋನ್ ಇರಲಿಲ್ಲ.

ಮಣ್ಣು ಮಾಡಿ ಬಂದು ಸೂಪು ಕುಡಿಯುವಾಗ ತಿಯೆರಿ ಹತ್ತಿರ ಬಂದು ವಿಷಯ ಹೇಳಿದ. ಮುದುಕ ತನ್ನ ಚಕ್ರವೇ ರೆಮಿಯನ್ನು ಕೊಂದಿತು ಎಂದು ಹಿಡಿದುಕೊಂಡು ಕೂತಿದ್ದಾನೆ. ಕದ ತೆಗೆಯುತ್ತಿಲ್ಲ. ಕಿಟಕಿಯಿಂದಲೇ ಮಾತು. ಸೈಕಲ್ಲು, ಸಲಕರಣೆ ಎಲ್ಲವನ್ನೂ ನಾಳೆ ಗುಜರಿಗೆ ಹಾಕುತ್ತಾನಂತೆ. ತಿಯೆರಿ ಇದನ್ನು ಹೇಳಿ ಲೋಟದೊಳಗೆ ನೋಡುತ್ತ ನಿಂತ. ಚಿಕ್ಕ ಹಲ್ಲಿನ ಚಕ್ರ, ಅಂಥ ಏರು... ಎಂದು ಅವನ ಮನಸ್ಸಿನಲ್ಲೂ ಇತ್ತು. ಮಾಯ್ಲಿಸ್‌ಳ ಮನಸ್ಸಿನಲ್ಲೂ ಇತ್ತು.

ಆಮೇಲೆ ವಿವಿಯಾನ್ ಬಂದಳು. ನಿವೃತ್ತ ನರ್ಸು, ಸಂಘದಲ್ಲಿ ಎಲ್ಲರಿಗಿಂತ ನಿಧಾನ. ಕೊನೆಯಲ್ಲಿ ರೆಮಿಯ ಜೊತೆಗಿದ್ದವಳು ಅವಳೊಬ್ಬಳೇ.

"ಅವನು ತುಳೀತಿರಲಿಲ್ಲ ಕಣೇ," ಎಂದಳು. "ನಾನು ಇಳಿದು ತಳ್ತಿದ್ದೆ. ಮುದುಕನ ಚಕ್ರ ಒಳ್ಳೇ ನೆಪ ಆಯ್ತು ಅಂತ ಅವನೂ ಇಳಿದ. ಸೋಮವಾರ ಮಕ್ಕಳ ಊಟದಲ್ಲಿ ಕುಂಬಳಕಾಯಿ ಹೇಗೆ ಬಚ್ಚಿಡೋದು ಅಂತ ಹೇಳ್ತಾ ಬಂದ. ಕಟ್ಟೆ ಮೇಲೆ ಕೂತ. ಅಷ್ಟೇ."

ಮಾಯ್ಲಿಸ್ ಅವಳ ಕೈ ಒತ್ತಿದಳು. ನಂಬಲಿಲ್ಲ. ಸಾವಿನ ಮನೆಯಲ್ಲಿ ಒಳ್ಳೆಯವರು ಒಳ್ಳೆಯದನ್ನೇ ಹೇಳುತ್ತಾರೆ.

*

ಇವತ್ತು ಸೇತುವೆಯವರೆಗೆ ಹ್ಯಾಂಡಲ್ಲು ಮಾಯ್ಲಿಸ್‌ಳ ಮಾತು ಕೇಳಲಿಲ್ಲ. ಆಮೇಲೆ ನದಿಯ ಪಕ್ಕದ ಸಮತಟ್ಟು ದಾರಿಯಲ್ಲಿ ಕಾಲು ತಾನಾಗಿ ಆಡತೊಡಗಿತು. ಮಂಜು ನೀರಿನ ಮೇಲೇ ಕೂತಿತ್ತು. ಅಕ್ರೋಟಿನ ತೋಟಗಳಲ್ಲಿ ಯಂತ್ರಗಳು ಮರ ಅಲುಗಿಸುತ್ತಿದ್ದವು. ಒಬ್ಬ ಕೈಯೆತ್ತಿದ, ಸೈಕಲ್ಲು ಯಾರದೆಂದು ಗುರುತು ಸಿಕ್ಕಿ ಕೈ ಇಳಿಸಿ, ಟೋಪಿ ತೆಗೆದ.

ಬಂಡೆಯ ಬುಡದಲ್ಲಿ ದಾರಿ ಎಡಕ್ಕೆ ತಿರುಗಿ ಏರಿತು. ಮೇಲೆ ಬಂಡೆಯ ಪೊಟರೆಗೆ ಅಂಟಿಕೊಂಡ ಇಂಗ್ಲಿಷರ ಕೋಟೆಯ ಗೋಡೆ, ಅದರ ಕಿಂಡಿಗಳಲ್ಲಿ ಕಾಗೆಗಳು. ಮಾಯ್ಲಿಸ್ ಗೇರು ಬದಲಿಸಿದಳು. ಇನ್ನೂ ಹಗುರಾದದ್ದಕ್ಕೆ ಬದಲಿಸಲು ನೋಡಿದಳು, ಇರಲಿಲ್ಲ. ಪೆಡಲಿನ ಮೇಲೆ ಎದ್ದು ನಿಂತಳು. ಚಕ್ರ ಒಂದು ಸುತ್ತು ಬಂತು, ಅರ್ಧ ಸುತ್ತು ಬಂತು. ಮೊದಲ ತಿರುವಿನಲ್ಲಿ ಸೈಕಲ್ಲು ನಿಂತೇ ಬಿಟ್ಟಿತು. ಬೀಳುವ ಮೊದಲು ಕಾಲೂರಿದಳು.

ಅಲ್ಲಿಂದ ತಳ್ಳುತ್ತ ನಡೆದಳು. ದಾರಿ ಮುಗಿಯುವ ಲಕ್ಷಣವಿರಲಿಲ್ಲ. ಮತ್ತೊಂದು ತಿರುವು, ಅದರಾಚೆ ಇನ್ನೂ ಕಡಿದಾದ ಏರು. ಶಿಲುಬೆಯ ಕಟ್ಟೆ ಕಂಡಾಗ ಅವಳು ನಿಂತು, ಬಂದ ದಾರಿಯನ್ನು ತಿರುಗಿ ನೋಡಿದಳು. ಬಹಳ ಹೊತ್ತು ನೋಡಿದಳು. ಕಟ್ಟೆಯ ಮೇಲೆ ಕೂರಲಿಲ್ಲ. ಅದರ ಕಲ್ಲನ್ನು ಅಂಗೈಯಿಂದ ಒಮ್ಮೆ ಸವರಿ ಮುಂದೆ ನಡೆದಳು.

ಒದಿಲೋನನ ಅಂಗಳದಲ್ಲಿ ಸೈಕಲ್ಲುಗಳು ಗೋಡೆಗೆ ಸಾಲಾಗಿ ಒರಗಿದ್ದವು. ಅವನು ಸ್ಟೂಲಿನ ಮೇಲೆ ಕೂತು ಟೈರು ಬಿಚ್ಚುತ್ತಿದ್ದ. ಅವಳಿಗಿಂತ ಮೊದಲು ಚಕ್ರವನ್ನು ನೋಡಿದ.

"ಆ ರಾಶಿಗೆ ಬಿಸಾಕು. ಗುಜರಿಯವನು ಬರ್ತಾನೆ."

"ಮೊದಲು ನೀರು ಕೊಡಿ."

ಅವನು ಕುಂಟುತ್ತ ಹೋಗಿ ನೀರು ತಂದ. ಅವಳು ಕುಡಿದು ಮುಗಿಸುವವರೆಗೂ ನೆಲ ನೋಡುತ್ತ ನಿಂತಿದ್ದ.

"ಯಾಕೆ ಬರಲಿಲ್ಲ ನೀವು?"

"ಯಾವ ಮುಖ ಹೊತ್ಕೊಂಡು ಬರಲಿ? ಕಾರಲ್ಲಿ ಇದೊಂದಿತ್ತು, ಕೊಟ್ಟುಬಿಟ್ಟೆ. ಏರಿಗೆ ಹಗುರಾಗೋ ದೊಡ್ಡ ಹಲ್ಲಿಂದು ಇಲ್ಲೇ ಮನೇಲಿತ್ತು. ಈ ಏರು, ಆ ಚಕ್ರ. ಎದೆ ಒಡೆಯದೆ ಇನ್ನೇನಾಗುತ್ತೆ?"

"ವಿವಿಯಾನ್ ಹೇಳಲಿಲ್ವಾ?"

"ಹೇಳಿದಳು. ಡಾಕ್ಟರೂ ಹೇಳಿರ್ತಾರೆ. ಎಲ್ಲರೂ ಒಳ್ಳೆಯವರೇ."

"ನಾನೂ ನಂಬಿರಲಿಲ್ಲ," ಎಂದಳು ಮಾಯ್ಲಿಸ್. "ಈಗ ಇದರ ಮೇಲೆ ಬಂದೆ. ಮೊದಲ ತಿರುವಲ್ಲೇ ಇಳಿದೆ."

"ನಿನ್ನ ಮಾತು ಬೇರೆ. ನಿನಗೆ ಅಭ್ಯಾಸ ಇಲ್ಲ."

"ಈ ಚಕ್ರದಲ್ಲಿ ನೀವು ಶಿಲುಬೆವರೆಗೂ ತುಳಿದಿದ್ದೀರಾ?"

"ಇಲ್ಲೀವರೆಗೂ ತುಳಿದಿದ್ದೀನಿ."

"ನೀವು ತುಳಿದ್ರಿ. ಅದಕ್ಕೇ ಅವನೂ ತುಳಿದ ಅಂದ್ಕೊಂಡಿದ್ದೀರಿ. ರೆಮಿ ತನ್ನ ಸ್ವಂತ ಚಕ್ರದಲ್ಲಿ, ಅಷ್ಟು ದೊಡ್ಡ ಹಲ್ಲಿಟ್ಕೊಂಡು, ಈ ಏರಲ್ಲಿ ಎಷ್ಟು ಸಲ ಇಳಿದಿದ್ದಾನೆ? ಹೇಳಿ."

ಮುದುಕ ಗೋಡೆಗೊರಗಿದ ಸೈಕಲ್ಲುಗಳ ಕಡೆ ನೋಡಿದ. ಅವನ ತುಟಿಯ ಒಂದು ಮೂಲೆ ಅಲುಗಿತು.

"ಪ್ರತಿ ಸಲ," ಎಂದ. "ಹಾಳಾದವನು. ಹೂ ನೋಡಬೇಕು ಅಂತ ಇಳೀತಿದ್ದ. ಹೂವೇ ಇಲ್ಲದ ಜನವರಿಯಲ್ಲೂ."

ಮಾಯ್ಲಿಸ್‌ಳಿಗೆ ನಗು ಬಂತು. ಸತ್ತ ಸುದ್ದಿ ಬಂದಂದಿನಿಂದ ಒಳಗೆ ಮರಗಟ್ಟಿದ್ದು ಎಲ್ಲೋ ಬಿರುಕುಬಿಟ್ಟು, ನಗು ಅರ್ಧದಲ್ಲೇ ಅಳುವಾಯಿತು. ಒದಿಲೋನ್ ಅವಳ ಪಕ್ಕದಲ್ಲಿ, ಗ್ರೀಸು ಮೆತ್ತಿದ ಕೈಗಳನ್ನು ದೂರ ಹಿಡಿದು ನಿಂತ. ತಬ್ಬಿಕೊಂಡರೆ ಅವಳ ಬಟ್ಟೆ ಕೊಳೆಯಾದೀತೆಂದು.

"ಹಾಗಾದ್ರೆ ನಡ್ಕೊಂಡೇ ಹೋದ," ಎಂದ.

"ನಡ್ಕೊಂಡೇ. ಕುಂಬಳಕಾಯಿ ಮಾತಾಡ್ತಾ."

ನಿನ್ನೆ ಚರ್ಚಿನ ಗಂಟೆಯ ಸದ್ದು ಇಲ್ಲಿಗೂ ಕೇಳಿತು ಎಂದ ಅವನು. ಅದು ನಿಲ್ಲುವವರೆಗೂ ರೆಮಿಯ ಚಕ್ರಕ್ಕೆ ಕಡ್ಡಿ ಹಾಕುತ್ತ ಕೂತಿದ್ದನಂತೆ. ಒಳಗಿದೆ, ತರುತ್ತೇನೆ ಎಂದ. ಆದರೆ ಹೋಗಲಿಲ್ಲ.

ಮಾಯ್ಲಿಸ್ ಸೈಕಲ್ಲನ್ನು ತಲೆಕೆಳಗು ಮಾಡಿ ನಿಲ್ಲಿಸಿದಳು. ಚೈನು ಸರಿಸಿ, ಹಿಂದಿನ ಚಕ್ರವನ್ನು ಬಿಚ್ಚಿ, ಎರಡೂ ಕೈಯಲ್ಲಿ ಅವನಿಗೆ ಕೊಟ್ಟಳು.

ಅವನು ರಾಶಿಯ ಕಡೆ ನೋಡಲಿಲ್ಲ. ಅಚ್ಚಿನ ಎರಡು ತುದಿ ಹಿಡಿದು ಚಕ್ರವನ್ನು ಮುಖದ ಮಟ್ಟಕ್ಕೆತ್ತಿ, ಹೆಬ್ಬೆರಳಿನಿಂದ ಒಮ್ಮೆ ತಿರುಗಿಸಿದ. ಕಡ್ಡಿಗಳು ಕರಗಿ ಒಂದು ತೆಳ್ಳನೆಯ ಪರದೆಯಾದವು. ಒಂದು ಕಣ್ಣು ಮುಚ್ಚಿ ಅದರ ಅಂಚನ್ನು ನೋಡಿದ.

"ಸ್ವಲ್ಪ ಎಡಕ್ಕೆ ಓಲಾಡುತ್ತೆ," ಎಂದ ಒದಿಲೋನ್. ಒಂದು ಕೈಯಲ್ಲಿ ಚಕ್ರ ಹಿಡಿದು, ಇನ್ನೊಂದು ಕೈಯಿಂದ ಕಡ್ಡಿ ಬಿಗಿಯುವ ಚಾವಿಗಾಗಿ ಜೇಬು ತಡಕಾಡತೊಡಗಿದ.