ಬೆನ್ನ ಮೇಲಿನ ಬೆರಳುಗಳು

“ಅಕ್ಕಾ, ನೀರು ಬೆರೆಸೋಕೆ ಇದೇನು ಹಾಲಾ?” ಎಂದು ಔಷಧಿ ಅಂಗಡಿಯವನು ನಕ್ಕುಬಿಟ್ಟ.

ನಗಲಿ. ನಾನು ಸನ್‌ಸ್ಕ್ರೀನ್ ಬಾಟಲಿಯನ್ನು ಅವನ ಗಾಜಿನ ಮೇಜಿನ ಮೇಲೆ ಕುಕ್ಕಿದೆ. “ಮತ್ತೆ ನನ್ನ ಮಗಳ ಬೆನ್ನು ಯಾಕೆ ಸುಟ್ಟಿತು ಹೇಳಪ್ಪ. ಇಪ್ಪತ್ತು ದಿನದ ಹಿಂದೆ ನೀನೇ ಕೊಟ್ಟಿದ್ದು ಇದು.”

“ತಾರೀಕು ನೋಡಿ. ಇನ್ನೂ ಒಂದೂವರೆ ವರ್ಷ ಇದೆ.”

“ತಾರೀಕು ಹೊರಗಡೆ ಬರೆದಿರೋದು. ಒಳಗಡೆ ಏನಿದೆಯೋ ಯಾರಿಗೆ ಗೊತ್ತು?”

“ಸರಿ, ನಾನೇ ಬಾಗಿಲು ಹಾಕ್ಕೊಂಡು ಸುಣ್ಣದ ನೀರು ತುಂಬಿಸಿದೆ ಅಂತಿಟ್ಕೊಳ್ಳಿ. ತುಂಬಿಸೋನು ಒಂದೇ ಬಾಟಲಿಗೆ ತುಂಬಿಸ್ತೀನಾ? ಇಷ್ಟು ಹೊತ್ತಿಗೆ ಅರ್ಧ ಊರು ಕೆಂಪಗಾಗಿ ನನ್ನ ಅಂಗಡಿ ಮುಂದೆ ನಿಂತಿರ್ತಿತ್ತು!”

ಹಿಂದೆ ನಿಂತಿದ್ದ ಇಬ್ಬರು ಕಿಸಕ್ಕೆಂದರು. ನಾನು ಬಾಟಲಿ ಎತ್ತಿಕೊಂಡು ಹೊರಟೆ. ಎರಡು ಬೀದಿ ಆಚೆಯ ಬೇರೆ ಅಂಗಡಿಯಲ್ಲಿ ಅದೇ ಕಂಪನಿಯ, ಅದೇ ಅಳತೆಯ ಹೊಸ ಬಾಟಲಿ ಕೊಂಡೆ. ಯಾಕೆಂದು ಕೇಳಿದರೆ ಹೇಳುತ್ತೇನೆ, ತಾಳಿ.

ನನ್ನ ಮಗಳಿಗೆ ಏಳು ವರ್ಷ. ದನಿ ಕೀರಲು, ಮಾತು ನಿಲ್ಲುವುದಿಲ್ಲ, ಅದಕ್ಕೇ ಮನೆಯಲ್ಲಿ ಎಲ್ಲರೂ ಪಿಟೀಲು ಅಂತಲೇ ಕರೆಯುವುದು. ಚರ್ಮ ಮಾತ್ರ ಈರುಳ್ಳಿ ಸಿಪ್ಪೆಯಷ್ಟು ತೆಳು. ಹೋದ ವರ್ಷ ಸಮುದ್ರದ ದಂಡೆಯಲ್ಲಿ ಒಂದು ಮಧ್ಯಾಹ್ನ ಆಡಿ ಬಂದವಳಿಗೆ ಹೆಗಲ ತುಂಬ ಬೊಬ್ಬೆ ಎದ್ದಿತ್ತು. ಅಂದಿನಿಂದ ನಮ್ಮ ಮನೆಯಲ್ಲಿ ಕಾನೂನು: ಬೆಳಿಗ್ಗೆ ಹತ್ತರೊಳಗೆ ನೀರಿನಿಂದ ಆಚೆ, ಅಗಲ ಅಂಚಿನ ಟೋಪಿ, ದೊಡ್ಡ ಛತ್ರಿ, ಮನೆ ಬಿಡುವ ಮುಂಚೆ ಮೈಗೆಲ್ಲ ಸನ್‌ಸ್ಕ್ರೀನ್, ನೀರಿನಿಂದ ಎದ್ದಾಗ ಮತ್ತೆ. ಹೊರಗೆ ಹೋಗುವವರೂ ಹಚ್ಚಿಕೊಳ್ಳಬೇಕು, ಅತ್ತೆಯಾದರೂ ಸರಿ.

ಭಾನುವಾರ ನನ್ನ ಫ್ರೇಮ್ ಅಂಗಡಿ ತೆರೆದಿರುತ್ತದೆ. ಮದುವೆ ಫೋಟೋ, ಸತ್ತವರ ಫೋಟೋ, ಮಕ್ಕಳ ಸರ್ಟಿಫಿಕೇಟು, ಎಲ್ಲಕ್ಕೂ ಜನರಿಗೆ ಬಿಡುವಾಗುವುದು ಅವತ್ತೇ. ಗಂಡ ಬಸ್ ಡ್ರೈವರ್, ಅವರಿಗೆ ಭಾನುವಾರವೇ ಎರಡು ಪಾಳಿ. ಹಾಗಾಗಿ ಪಿಟೀಲನ್ನು ಸಮುದ್ರಕ್ಕೆ ಕರೆದೊಯ್ಯುವವರು ಅತ್ತೆ. ಅಜ್ಜಿ ಮೊಮ್ಮಗಳಿಬ್ಬರೂ ವಾರದ ಆರು ದಿನ ಆ ಒಂದು ದಿನದ ಮಾತಾಡಿಕೊಂಡೇ ಬದುಕುತ್ತಾರೆ.

ಹೋದ ಭಾನುವಾರ ಸಂಜೆ ಬಂದು ನೋಡಿದರೆ ಮಗು ಬೋರಲು ಮಲಗಿ ಅಳುತ್ತಿದೆ. ಬೆನ್ನು ಕೆಂಡ. ತುಂಬುತೋಳಿನ, ಬೆನ್ನು ಮುಚ್ಚುವ ಈಜಂಗಿ ಬಿಗಿಯಾಗಿ ಹೊಲಿಗೆ ಬಿಟ್ಟು ಟೈಲರ್ ಹತ್ತಿರ ಇತ್ತು. ಬೆನ್ನು ತೆರೆದಿರುವ ಹಳೆಯದನ್ನೇ ತೆಗೆದಿಟ್ಟು, ಹಚ್ಚುವುದನ್ನು ಅತ್ತೆಗೆ ಬಿಟ್ಟು ಬೆಳಿಗ್ಗೆಯೇ ಅಂಗಡಿಗೆ ಹೋಗಿದ್ದೆ, ಸನ್‌ಸ್ಕ್ರೀನ್ ಇದೆಯಲ್ಲ ಅನ್ನುವ ಧೈರ್ಯದ ಮೇಲೆ.

“ಹಚ್ಚಿದ್ರಾ ಅತ್ತೆ?”

“ಹಚ್ಚದೆ ಇರ್ತೀನಾ? ಎರಡು ಸಲ.”

ಸೋಮವಾರ ಬೆಳಿಗ್ಗೆ ಚರ್ಮದ ಡಾಕ್ಟರು ನನ್ನ ಮೇಲೆ ರೇಗಿದರು. ಎರಡು ವಾರ ನೆರಳಲ್ಲೇ ಇಡಿ ಎಂದರು. “ಇನ್ನೊಂದು ಸಲ ಹೀಗಾದರೆ ಈ ವರ್ಷ ಸಮುದ್ರದ ಹೆಸರೇ ಎತ್ತಬೇಡಿ.” ಮಗು ಡಾಕ್ಟರ ಮುಖ ನೋಡಿತು, ನನ್ನ ಮುಖ ನೋಡಿತು, ಪಿಟೀಲಿನ ತಂತಿ ಕಡಿದ ಹಾಗೆ ಸುಮ್ಮನಾಯಿತು. ತಪ್ಪು ಎಲ್ಲಿ ಅಂತ ಗೊತ್ತಾಗದೆ ನಾನು ಅವಳನ್ನು ಮತ್ತೆ ಕಳಿಸುವುದು ಹೇಗೆ? ಕಳಿಸದೆ ಇರುವುದಾದರೂ ಹೇಗೆ?

ಈಗ ಬಾಟಲಿಯ ವಿಷಯ. ಹದಿನಾರು ವರ್ಷದಿಂದ ಗಾಜು ಕತ್ತರಿಸುವವಳು ನಾನು. ಬಿಸಿಲು ಬಣ್ಣವನ್ನು ಹೇಗೆ ಕುಡಿಯುತ್ತದೆ ಅಂತ ನನಗೆ ಯಾರೂ ಕಲಿಸಬೇಕಾಗಿಲ್ಲ. ಕಿಟಕಿ ಎದುರಿನ ಗೋಡೆಗೆ ಫೋಟೋ ಹಾಕಬೇಡಿ ಅಂದರೆ ಕೇಳದೆ ಹಾಕಿ, ವರ್ಷ ಕಳೆದ ಮೇಲೆ ಮದುಮಗಳ ಸೀರೆ ಬಿಳಿಯಾಯಿತೆಂದು ಜಗಳಕ್ಕೆ ಬರುವವರನ್ನು ಎಷ್ಟು ನೋಡಿಲ್ಲ! ಅಗ್ಗದ ನೇರಳೆ ಹಾಳೆಯೊಂದಿದೆ, ಫೋಟೋ ಸುತ್ತ ಅಂಚು ಕೊಡಲು ಕೇಳುತ್ತಾರೆ. ಅದು ಬಿಸಿಲಿಗೆ ಮೂರೇ ದಿನದಲ್ಲಿ ಬೂದಿ ಬಣ್ಣಕ್ಕೆ ತಿರುಗುತ್ತದೆ. ಆ ಹಾಳೆಯ ಮೂರು ತುಂಡು, ಮೇಲೆ ಮೂರು ಗಾಜು. ಒಂದು ಗಾಜಿಗೆ ನಮ್ಮ ಬಾಟಲಿಯದು ಬಳಿದೆ, ಒಂದಕ್ಕೆ ಹೊಸ ಬಾಟಲಿಯದು, ಒಂದು ಬರೀ ಗಾಜು. ತಾರಸಿಯಲ್ಲಿಟ್ಟು ಅಂಚಿಗೆ ಇಟ್ಟಿಗೆ ಹೇರಿದೆ.

“ಅಲ್ಲ ಕಣೇ, ಒಂದು ಬಾಟಲಿಗೆ ಇಷ್ಟು ದೊಡ್ಡ ತನಿಖೆನಾ?” ಎಂದರು ನಮ್ಮ ಮನೆಯವರು, ಒಗೆದ ಯೂನಿಫಾರ್ಮು ತಂತಿಗೆ ಹಾಕುತ್ತ. “ನಿನ್ನ ಕೈಗೆ ಸಿಕ್ಕಿದ್ರೆ ಸೂರ್ಯನನ್ನೂ ಹಿಡಿದು ಎಲ್ಲಿದ್ದೆ ಅಂತ ಕೇಳ್ತೀಯ.”

“ಕೇಳ್ತೀನಿ ರೀ. ನೀವು ತಾನೇ ಆ ಬಾಟಲಿ ಬಸ್ಸಿಗೆ ತಗೊಂಡು ಹೋಗಿದ್ದು? ಬಿಸಿ ಇಂಜಿನ್ ಪಕ್ಕ ಇಟ್ಟಿದ್ರಾ?”

“ಬಂತಪ್ಪ, ನನ್ನ ತಲೆಗೂ ಬಂತು!” ಎಂದು ಕೈಮುಗಿದು ಕೆಳಗಿಳಿದರು.

ಗುರುವಾರ ಸಂಜೆ ಗಾಜು ಎತ್ತಿದೆ. ಬರೀ ಗಾಜಿನ ಕೆಳಗಿನ ಹಾಳೆ ತೊಳೆದಿಟ್ಟ ಹಾಗೆ ಪೇಲವ. ಉಳಿದೆರಡೂ ಗಾಢ ನೇರಳೆ. ಪಕ್ಕ ಪಕ್ಕ ಹಿಡಿದು ಎಷ್ಟು ತಿರುಗಿಸಿದರೂ ವ್ಯತ್ಯಾಸ ಕಾಣಲಿಲ್ಲ. ಬಾಟಲಿ ಸರಿ ಇದೆ.

ಔಷಧಿ ಅಂಗಡಿಯ ಮುಂದೆ ತಲೆ ತಗ್ಗಿಸಿ ಹಾದುಹೋಗಬೇಕೆಂದಿದ್ದೆ. ಬಿಡಬೇಕಲ್ಲ ಅವನು. “ಏನಕ್ಕಾ, ಹಾಲು ಒಡೀತಾ?”

“ಇಲ್ಲಪ್ಪ. ನಿನ್ನ ಹಾಲು ಚೆನ್ನಾಗಿದೆ. ತಪ್ಪಾಯ್ತು,” ಎಂದೆ. ಅವನು ಮಗುವಿಗೆಂದು ತಣ್ಣನೆಯ ಜೆಲ್ ಒಂದನ್ನು ತೆಗೆದುಕೊಟ್ಟ. ಒಳ್ಳೆಯವನೇ ಪಾಪ. ಆದರೆ ಬಾಟಲಿ ಸರಿ, ಅಂಗಡಿ ಸರಿ ಅಂದರೆ ತಪ್ಪು ನಮ್ಮ ಮನೆಯೊಳಗೇ ಬಂದು ಕೂತಂತಾಯಿತು.

ಸ್ನಾನ ಆದ ಮೇಲೆ ಪಿಟೀಲನ್ನು ಕಿಟಕಿ ಬೆಳಕಿಗೆ ಬೆನ್ನು ಮಾಡಿ ನಿಲ್ಲಿಸಿದೆ. ನಾಲ್ಕು ದಿನ ಮುಟ್ಟಿದರೆ ಚೀರುತ್ತಿದ್ದವಳು ಅಂದು ಮೊದಲ ಸಲ ನಿಂತಳು. ಉರಿ ಇಳಿದು, ಕೆಂಪಿನ ಅಂಚುಗಳು ಈಗ ಸ್ಪಷ್ಟವಾಗಿದ್ದವು. ಎರಡು ಹೆಗಲ ಮೇಲೂ ಸುಡದ, ತಿಳಿ ಬಣ್ಣದ ಗುರುತು. ಬೆರಳು, ಬೆರಳು, ಬೆರಳು. ಬೆರಳುಗಳೆಲ್ಲ ಕೆಳಮುಖ. ನಡುಬೆನ್ನಿನಲ್ಲಿ ಒಂದು ಗೆರೆಯೂ ಇಲ್ಲ, ಪೂರ್ತಿ ಕೆಂಪು.

ಹಿಂದೆ ನಿಂತು ಇನ್ನೊಬ್ಬರು ಹಚ್ಚಿದರೆ ಬೆರಳು ಮೇಲ್ಮುಖ ಇರುತ್ತದೆ. ನಾನು ನನ್ನ ಕೈಯಿಂದಲೇ ಗಾಳಿಯಲ್ಲಿ ಹಚ್ಚಿ ನೋಡಿದೆ. ಹೌದು. ಕೆಳಮುಖ ಬರಬೇಕಾದರೆ ಕೈ ಮುಂದಿನಿಂದ ಹೆಗಲು ದಾಟಿ ಬಂದಿರಬೇಕು. ಅಂಗಡಿ ಚೀಲದಿಂದ ಸ್ಟೀಲ್ ಸ್ಕೇಲು ತೆಗೆದು ಒಂದು ಬೆರಳಿನ ಅಗಲ ಅಳೆದೆ.

“ಅಮ್ಮಾ, ತಣ್ಣಗಿದೆ! ನನಗೂ ಫ್ರೇಮ್ ಹಾಕ್ತೀಯಾ?”

“ಸುಮ್ನೆ ನಿಂತ್ಕೋ. ಎಲ್ಲಿ, ನಿನ್ನ ಕೈ ಕೊಡು.” ಅವಳ ಬೆರಳಿಗೆ ಸ್ಕೇಲು ಹಿಡಿದೆ. ಅದೇ ಅಳತೆ. “ಭಾನುವಾರ ನಿನ್ನ ಬೆನ್ನಿಗೆ ಯಾರು ಹಚ್ಚಿದ್ದು?”

“ಅಜ್ಜಿ,” ಎಂದಳು. ಕೇಳಿ ಮುಗಿಸುವ ಮೊದಲೇ ಎಂದಳು.

“ನಿಜವಾಗ್ಲೂ?”

“ಅಜ್ಜಿ ಏನೂ ಹೇಳ್ಬೇಡ ಅಂತ ಹೇಳೇ ಇಲ್ಲ ನನಗೆ.”

ಇಷ್ಟು ಸಾಕಲ್ಲ! ಅಂದು ಊಟ ಬಡಿಸುವಾಗ ನಾನು ಅತ್ತೆಯನ್ನೇ ನೋಡಿದೆ. ಹಾಗಾದರೆ ಈ ಹೆಂಗಸು ದಂಡೆಯ ಮೇಲೆ ಮಾಡುವುದೇನು? ಛತ್ರಿ ಕೆಳಗೆ ನಿದ್ದೆಯಾ? ಯಾರೊಂದಿಗೋ ಹರಟೆಯಾ? ಮಗುವಿನ ಕೈಗೆ ಬಾಟಲಿ ಕೊಟ್ಟು ಎತ್ತ ಹೋಗುತ್ತಾರೆ? ಅವರು ಅರ್ಧ ಲೋಟ ನೀರು ಮಾತ್ರ ತುಂಬಿಸಿಕೊಂಡಿದ್ದು, ಎರಡೂ ಕೈಯಲ್ಲಿ ಹಿಡಿದು ಕುಡಿದಿದ್ದು ಕಾಣಿಸಿತು. ಅದರಲ್ಲೂ ಏನೋ ಹುಳುಕು ಹುಡುಕಿದೆ, ಆದರೆ ಎಲ್ಲಿಗೂ ಜೋಡಿಸಲಾಗಲಿಲ್ಲ.

ಅತ್ತೆ ಹಚ್ಚುವ ಬಗೆಯನ್ನು ನಾನೇ ನೋಡಬೇಕೆಂದು ಶನಿವಾರ ಮಧ್ಯಾಹ್ನ ಬಲೆ ಬೀಸಿದೆ. ಪಿಟೀಲು ಕೆಳಗಿನ ಮನೆಯಲ್ಲಿ ಆಡುತ್ತಿದ್ದಳು. ಹಿಂದೆ ಅಗಲ ಕತ್ತಿನ ಕುಪ್ಪಸ ತೊಟ್ಟು, ಬಾಟಲಿ ಹಿಡಿದು ಅತ್ತೆಯ ಕೋಣೆಗೆ ಹೋದೆ.

“ಅತ್ತೆ, ತಾರಸಿಯಲ್ಲಿ ಫ್ರೇಮಿಗೆ ಪಾಲಿಶ್ ಹೊಡೀಬೇಕು, ಒಂದು ಗಂಟೆ ಬಿಸಿಲಲ್ಲಿ ನಿಂತಿರ್ತೀನಿ. ಕತ್ತಿನ ಹಿಂದೆ ಸ್ವಲ್ಪ ಹಚ್ಚಿಕೊಡಿ.”

“ಈಗಲಾ? ಒಲೆ ಮೇಲೆ ನೀರಿಟ್ಟಿದ್ದೀನಿ.”

“ಆರಿಸಿ ಬಂದೆ.”

“ಕೈ ಎಣ್ಣೆ ಎಣ್ಣೆ ಆಗಿದೆ ನಂದು.”

“ಪರವಾಗಿಲ್ಲ.”

“ನಿನ್ನ ಗಂಡ ಬರಲಿ, ಅವನು ಹಚ್ತಾನೆ.”

“ಅವರು ಬರೋದು ರಾತ್ರಿಗೆ ಅತ್ತೆ. ರಾತ್ರಿ ಯಾವ ಬಿಸಿಲು?”

ಬಾಟಲಿಯನ್ನು ಅವರ ಕೈಗಿಟ್ಟೆ. ನಾನು ಬೆನ್ನು ತಿರುಗಿಸಿ ಮಂಚದ ತುದಿಯಲ್ಲಿ ಕೂತೆ. ಮುಚ್ಚಳ ತೆರೆಯಲು ತುಂಬಾ ಹೊತ್ತಾಯಿತು. ಆಮೇಲೆ ನನ್ನ ಕತ್ತಿಗೆ ತಣ್ಣಗೆ ಏನೋ ತಾಗಿತು, ತಪ್ಪಿತು, ಕಿವಿಯ ಹಿಂದೆ ತಾಗಿತು, ಮತ್ತೆ ತಪ್ಪಿತು. ಹಕ್ಕಿಮರಿಯನ್ನು ಅಂಗೈಯಲ್ಲಿಟ್ಟರೆ ಪಟಪಟ ಅನ್ನುವುದಿಲ್ಲವೇ, ಹಾಗೆ. ನಾನು ತಿರುಗಲಿಲ್ಲ.

“ಯಾವಾಗಿಂದ?” ಎಂದೆ.

“ಏನು ಯಾವಾಗಿಂದ?”

“ಕೈ ನಡುಗೋದು ಅತ್ತೆ.”

“ಮಳೆಗಾಲದಿಂದ,” ಎಂದರು ಕೊನೆಗೆ. “ಮೊದಮೊದಲು ಹಚ್ತಿದ್ದೆ ಕಣೇ. ಮಗೂಗೆ ಕಚಗುಳಿ, ಓಡ್ತಿತ್ತು. ಅರ್ಧಕ್ಕರ್ಧ ಮರಳಿಗೆ ಚೆಲ್ತಿತ್ತು. ಮಗೂನೇ ಒಂದು ದಿನ, ಕೊಡಜ್ಜಿ ನಾನೇ ಹಚ್ಕೋತೀನಿ ಅಂತು. ಬೆನ್ನು ಮುಚ್ಚಿದ ಅಂಗಿ ಇದ್ದಾಗ ಎಲ್ಲ ನಡೀತಿತ್ತು. ಹೋದ ವಾರ... ನಡುಬೆನ್ನಿಗೆ ಅದರ ಕೈ ಎಟುಕಲ್ಲ ಅಂತ ನನಗೆ ಹೊಳೀಲೇ ಇಲ್ಲ.”

“ನನಗೆ ಯಾಕೆ ಹೇಳಲಿಲ್ಲ?”

“ಹೇಳಿದ್ರೆ ನೀನು ನನ್ನ ಭಾನುವಾರ ಕಿತ್ಕೋತಿದ್ದೆ.”

ಇಲ್ಲ ಅತ್ತೆ, ಹಾಗೆಲ್ಲ ಮಾಡ್ತಿದ್ನಾ ಅನ್ನಬಹುದಿತ್ತು. ನಾಲಿಗೆ ತುದಿಗೂ ಬಂತು. “ಹೌದು, ಕಿತ್ಕೋತಿದ್ದೆ,” ಎಂದೆ. “ಅಲೆಯಲ್ಲಿ ಅವಳ ಕೈ ಹಿಡಿಯೋರು ನೀವು. ಆ ಕೈ ಹೀಗಿದ್ರೆ?”

“ಗಟ್ಟಿಯಾಗಿ ಹಿಡಿದ್ರೆ ನಡುಗಲ್ಲ. ಮೆತ್ತಗೆ ಮುಟ್ಟೋಕೆ ಹೋದ್ರೆ ಮಾತ್ರ. ನಂಬಲ್ವಾ? ಕೈ ಕೊಡು.”

ಕೊಟ್ಟೆ. ಅತ್ತೆ ನನ್ನ ಮಣಿಕಟ್ಟು ಹಿಡಿದರು. ಬಳೆ ಒತ್ತಿ ನೋಯುವಷ್ಟು ಹಿಡಿದರು. ನಡುಗಲಿಲ್ಲ. ನಾನು ಎಳೆದೆ, ಬಿಡಲಿಲ್ಲ. ಇನ್ನೂ ಜೋರಾಗಿ, ಅಲೆಯೇ ಎಳೆದ ಹಾಗೆ ಎಳೆದೆ. ಅತ್ತೆ ಮಂಚದ ಮೇಲೆ ಒಂದು ಗೇಣು ಜರುಗಿದರೇ ಹೊರತು ಕೈ ಬಿಡಲಿಲ್ಲ.

“ಸಾಕು ಬಿಡಿ, ಬಳೆ ಒಡೆಯುತ್ತೆ,” ಎಂದೆ. “ಸೋಮವಾರ ಡಾಕ್ಟರ ಹತ್ತಿರ ಹೋಗೋಣ, ಈ ಕೈ ತೋರಿಸೋಕೆ. ಬೆನ್ನು ಪೂರ್ತಿ ವಾಸಿಯಾಗೋ ತನಕ ಸಮುದ್ರ ಇಲ್ಲ. ಆಮೇಲೆ ಭಾನುವಾರ ನಾನು ಅಂಗಡಿ ಹನ್ನೊಂದಕ್ಕೆ ತೆಗೀತೀನಿ, ಮೂವರೂ ಹೋಗೋಣ. ಬೆನ್ನಿಗೆ ಹಚ್ಚೋದು ನಾನು. ನೀರಲ್ಲಿ ಅವಳ ಒಂದು ಕೈ ನಿಮ್ಮದು, ಒಂದು ನನ್ನದು.”

“ಒಂದು ನಿಂದು ಯಾಕೆ? ನನ್ನ ಮೇಲೆ ಇನ್ನೂ ಅನುಮಾನಾನಾ?”

“ಇದೆ ಅತ್ತೆ. ಡಾಕ್ಟರು ಏನಂತಾರೋ ಕೇಳೋ ತನಕ ಇರುತ್ತೆ.”

“ಬಾಯಲ್ಲಿ ಒಂದು ಸುಳ್ಳಾದ್ರೂ ಹೇಳಬಾರದಾ ನೀನು!”

“ನೀವಿಬ್ಬರೂ ಸೇರಿ ಹೇಳಿರೋದೇ ಸಾಕಲ್ಲ ಈ ಮನೆಗೆ.”

ಅಷ್ಟರಲ್ಲಿ ಮೆಟ್ಟಿಲ ಮೇಲೆ ದಡದಡ ಸದ್ದಾಗಿ ಪಿಟೀಲು ಒಳಗೆ ನುಗ್ಗಿದಳು. ತೆರೆದ ಬಾಟಲಿ ನೋಡಿದಳು, ಅಜ್ಜಿಯ ಅಂಗೈಯಲ್ಲಿ ಬೆಳ್ಳಗೆ ಮೆತ್ತಿದ್ದನ್ನು ನೋಡಿದಳು. ಬಾಟಲಿಯನ್ನು ಅಜ್ಜಿಯ ಕೈಯಿಂದ ತೆಗೆದು ಮುಚ್ಚಳ ತಿರುಗಿಸಿದಳು, ತನ್ನ ಲಂಗದ ಅಂಚು ಎಳೆದುಕೊಂಡು ಅಜ್ಜಿಯ ಬೆರಳುಗಳನ್ನು ಒಂದೊಂದಾಗಿ ಒರೆಸತೊಡಗಿದಳು. ಮೂರನೆಯ ಬೆರಳಿಗೆ ಬಂದಾಗ ನಾನು ಅಲ್ಲಿರುವುದು ನೆನಪಾಗಿ, ಲಂಗ ಬಿಟ್ಟು ಕೈ ಹಿಂದೆ ಕಟ್ಟಿಕೊಂಡಳು.