ಶನಿವಾರದ ಟೇಪು

ಅಕ್ಕ ಹದಿನೇಳನೆಯ ಲೋಟ ತೊಳೆದು ಕವುಚುತ್ತಿದ್ದಾಗ ನಡುಮನೆಯಿಂದ ತಮ್ಮನ ದನಿ ಕೇಳಿಸಿತು. ಅಲ್ಲಿ ಅವಳ ಗಂಡನ ಹೆಣವಿತ್ತು. ಅದರ ತಲೆಯ ಹತ್ತಿರವೇ ಕುರ್ಚಿ ಎಳೆದುಕೊಂಡು ಕೂತಿದ್ದ, ಮಹಾರಾಯ.

"ಭಾವ ಒಳ್ಳೇವ್ರೇ. ಮರೆವೊಂದೇ ಕೆಟ್ಟದ್ದು. ಆಸ್ಪತ್ರೆ ದಾಖಲೆ ಅರ್ಧಕ್ಕರ್ಧ ಹೋದಾಗ ಬೇರೆಯವರಾಗಿದ್ರೆ ಮನೆಗೆ ಅಟ್ತಿದ್ರು. ನಾನು ಉಗ್ರಾಣಕ್ಕೆ ಹಾಕಿಸಿ ಕೆಲಸ ಉಳಿಸಿದೆ."

ಬಂದವರು ಲೊಚಗುಟ್ಟಿದರು.

ಮಗಳು ಒಳಗೆ ಬಂದು ಲೋಟ ಒರೆಸತೊಡಗಿದಳು. "ಮಾವ ಹೇಳೋದು ನಿಜ ತಾನೇ? ಅಪ್ಪ ಮರೆತಿದ್ದಕ್ಕೆ ನಾನು ಕಾಲೇಜಲ್ಲಿ ತಲೆ ಎತ್ತೋ ಹಾಗಿರಲಿಲ್ಲ."

"ಊಟ ಮರೀತಿದ್ರು. ಟೇಪ್ ಮರೀತಿರಲಿಲ್ಲ."

"ಮತ್ತೆ ಆಗ್ಲೇ ಯಾಕೆ ಬಾಯಿ ಬಿಡಲಿಲ್ಲ ನೀನು?"

ಅಕ್ಕ ಮುಂದಿನ ಲೋಟಕ್ಕೆ ಕೈ ಹಾಕಿದಳು.

*

ಆಸ್ಪತ್ರೆಯ ಕಂಪ್ಯೂಟರಿನಲ್ಲಿದ್ದ ರೋಗಿಗಳ ದಾಖಲೆ ಗಂಟೆಗೊಮ್ಮೆ ತಾನಾಗಿ ಪಕ್ಕದ ಡಿಸ್ಕಿಗೆ ನಕಲಾಗುತ್ತಿತ್ತು. ಶನಿವಾರ ಮಧ್ಯಾಹ್ನ ಎಲ್ಲವನ್ನೂ ಟೇಪಿಗೆ ಇಳಿಸಿ, ಬೇರೆ ಕಟ್ಟಡದ ಬೀರುವಿನಲ್ಲಿಡುವುದು ಗಂಡನ ಕೆಲಸ. ಟೇಪು ನಿಧಾನ, ಮೂರು ಗಂಟೆ ಬೇಕು. ನಡುವೆ ಗಂಟೆಯ ನಕಲು ಎದ್ದು ಕಡತಗಳನ್ನು ಹಿಡಿದುಕೊಂಡರೆ ಟೇಪು ಅವನ್ನು ಬಿಟ್ಟು ಮುಂದೆ ಹೋಗಿ, ಕೊನೆಗೆ 'ಮುಗಿಯಿತು' ಎಂದೇ ತೋರಿಸುತ್ತಿತ್ತು. ಅದಕ್ಕೇ ಅವನು ಆ ಮೂರು ಗಂಟೆ ನಕಲನ್ನು ತಡೆಹಿಡಿಯುತ್ತಿದ್ದ.

ತಮ್ಮ ಅಲ್ಲಿ ಮುಖ್ಯಸ್ಥ. ವರದಿಯಲ್ಲಿ ಆ ಮೂರು ಖಾಲಿ ಜಾಗಗಳು ಅವನ ಕಣ್ಣು ಚುಚ್ಚಿದವು. 'ಒಂದು ಗಂಟೆಯೂ ತಪ್ಪಕೂಡದು' ಎಂದು ಬರೆದು ಸಹಿ ಹಾಕಿದ.

"ಎರಡೂ ಒಟ್ಟಿಗೆ ನಡೆಯೋಲ್ಲ ಕಣಯ್ಯ," ಎಂದಿದ್ದ ಗಂಡ.

"ಭಾವ, ಮನೇಲಿ ನೀವು ದೊಡ್ಡೋರು. ಇಲ್ಲಿ ನಾನು."

ಅಂದಿನಿಂದ ಗಂಡ ನಕಲನ್ನು ತಡೆಯಲಿಲ್ಲ. ಐದು ತಿಂಗಳಿಗೆ ಯಂತ್ರದ ಕೋಣೆಗೆ ಬೆಂಕಿ ಬಿತ್ತು. ಡಿಸ್ಕುಗಳು ಕರಗಿದವು. ಬೀರುವಿನಿಂದ ತೆಗೆದ ಟೇಪುಗಳಲ್ಲಿ ಅರ್ಧ ದಾಖಲೆಯೇ ಇರಲಿಲ್ಲ. ನಕಲು ನಿಲ್ಲಿಸಲು ಭಾವನೇ ಮರೆತರೆಂದು ತಮ್ಮ ಕೈ ತೊಳೆದುಕೊಂಡ.

ಗಂಡ ಆಡಳಿತ ಮಂಡಳಿಗೆ ಕಾಗದ ಬರೆದ. ಸಹಿಯಿದ್ದ ಆ ಹಾಳೆಯನ್ನೂ ಲಕೋಟೆಯೊಳಗಿಟ್ಟು ಅಂಟಿಸಿ ಹೆಂಡತಿಗೆ ಕೊಟ್ಟ. "ನಿನ್ನ ತಮ್ಮ. ನೀನೇ ಅಂಚೆಗೆ ಹಾಕು."

"ಅವನ ಮಕ್ಕಳಿನ್ನೂ ಚಿಕ್ಕವು. ಮುಂದಿನ ವಾರ ನೋಡೋಣ," ಎಂದಳು ಅಕ್ಕ.

ಒಂಬತ್ತು ವರ್ಷ ಅವನು ಮತ್ತೆ ಕೇಳಲಿಲ್ಲ.

*

ಅಕ್ಕ ಮಗಳಿಗೆ ಅಡುಗೆಮನೆಯಲ್ಲೇ ಎಲ್ಲವನ್ನೂ ಹೇಳಿದಳು. ತನ್ನ ಸೀರೆಯ ಬೀರುವಿನ ತಳದಿಂದ ಲಕೋಟೆ ತೆಗೆದು, ಹಳೆಯ ಅಂಚೆಚೀಟಿಯ ಪಕ್ಕ ಹೊಸದೆರಡು ಅಂಟಿಸಿ ಕೈಚೀಲಕ್ಕೆ ಹಾಕಿಕೊಂಡಳು. ಮಗಳ ಮುಖ ನೋಡುವ ಧೈರ್ಯ ಮಾತ್ರ ಅಕ್ಕನಿಗೆ ಆಗಲಿಲ್ಲ.

ಮಣ್ಣು ಮುಗಿದ ಮೇಲೆ ಆಸ್ಪತ್ರೆಯ ಮುದಿ ಕಾವಲುಗಾರ ಹತ್ತಿರ ಬಂದ. "ಅಮ್ಮಾ, ನಿಮ್ಮ ಯಜಮಾನ್ರು ಗೇಟಿಗೆ ಬಂದ್ರೆ ನಾನು ಗಡಿಯಾರ ತಿದ್ಕೋತಿದ್ದೆ. ಮರೆವಂತೆ, ಮರೆವು!"

"ಗೇಟ್ ಕಾಯೋನಿಗೆ ಏನಯ್ಯಾ ಗೊತ್ತು?" ಎಂದ ತಮ್ಮ.

ಅಕ್ಕನನ್ನೂ ಮಗಳನ್ನೂ ತನ್ನ ಕಾರಿನಲ್ಲೇ ಕೂರಿಸಿಕೊಂಡು ಹೊರಟ.

"ಭಾವಂದು ಒಂದು ಫೋಟೋ ಕೊಡಕ್ಕ. ಉಗ್ರಾಣದಲ್ಲಿ ಹಾಕಿಸ್ತೀನಿ."

"ಉಗ್ರಾಣದಲ್ಲಾ?"

"ಇನ್ನೆಲ್ಲಿ ಹಾಕಿಸ್ಲಿ?"

ತಿರುವಿನಲ್ಲಿ ಅಂಚೆಪೆಟ್ಟಿಗೆ ಕಂಡಿತು. "ನಿಲ್ಲಿಸು," ಎಂದು ಅಕ್ಕ ಲಕೋಟೆ ತೆಗೆದಳು.

"ಇವತ್ತೂ ಕಾಗದಾನಾ? ಕೊಡು, ನಾನೇ ಹಾಕ್ತೀನಿ," ಎಂದು ತಮ್ಮ ಕಾರು ನಿಲ್ಲಿಸಿ ಕೈ ಚಾಚಿದ. ಲಕೋಟೆಯ ಮೇಲೆ ಭಾವನ ಅಕ್ಷರದಲ್ಲಿ ಆಡಳಿತ ಮಂಡಳಿಯ ವಿಳಾಸ ಕಂಡದ್ದೇ ಕೈ ಹಿಂದೆ ಬಂತು. "ಅಕ್ಕಾ, ತಲೆ ಕೆಟ್ಟಿದ್ಯಾ? ನನ್ನ ನಿವೃತ್ತಿಗೆ ಎರಡೇ ವರ್ಷ!"

"ಮರೆತೋರು ಯಾರು? ಇವಳ ಮುಂದೆ ಹೇಳು."

ತಮ್ಮ ಗುಂಡಿ ಒತ್ತಿ ಬಾಗಿಲುಗಳಿಗೆ ಬೀಗ ಹಾಕಿದ. ಮಗಳು ಹಿಂದಿನಿಂದ ಬಗ್ಗಿ, ಅವನ ಕೈ ಸರಿಸಿ, ಅದೇ ಗುಂಡಿಯನ್ನು ಮತ್ತೆ ಒತ್ತಿದಳು.

ಇಬ್ಬರೂ ಇಳಿದರು. ಪೆಟ್ಟಿಗೆಯ ಬಾಯಿ ಕಿರಿದು, ಲಕೋಟೆ ದಪ್ಪ. ಅರ್ಧ ಹೋಗಿ ನಿಂತುಬಿಟ್ಟಿತು. ಹಿಂದೆ ತಮ್ಮ ಕಾರಿನ ಹಾರ್ನ್ ಒತ್ತಿ ಹಿಡಿದವನು ಬಿಡಲೇ ಇಲ್ಲ. ಅಕ್ಕ ಚೀಲವನ್ನು ಮಗಳ ಕೈಗೆ ಕೊಟ್ಟು, ಎರಡೂ ಅಂಗೈ ಊರಿ ನೂಕಿದಳು. ಲಕೋಟೆ ಒಳಗೆ ಬಿತ್ತು. ಕೈ ಮಾತ್ರ ಬೆರಳಿನ ಗೆಣ್ಣಿನವರೆಗೂ ಪೆಟ್ಟಿಗೆಯ ಬಾಯಲ್ಲೇ ಇತ್ತು.